ವಾಪಸು ಹೋಗದ ಡಬರಿ

ಜನ್ನಾಪುರದ ದ್ಯಾಮಮ್ಮ ಹರೆಯದಿಂದ ಮುಪ್ಪಿನವರೆಗೆ ಮಾಡಿದ ಕೆಲಸ ಒಂದೇ, ಪಾತ್ರೆ ತೊಳೆಯುವುದು. ಹುಟ್ಟಿದ್ದು ಗಾಜನೂರಿನಲ್ಲಿ. ತುಂಗೆಯ ಮರಳಿನಲ್ಲಿ ಚೆಂಬು ಉಜ್ಜುತ್ತ ಬೆಳೆದ ಹುಡುಗಿ ಚೌಡಯ್ಯನ ಕೈಹಿಡಿದು ಭದ್ರಾವತಿಗೆ ಬಂದಳು. ಚೌಡಯ್ಯ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅವಳಿಗೆ ಒಂದು ಕಲ್ಯಾಣ ಮಂಟಪದ ಹಿತ್ತಿಲಿನಲ್ಲಿ ಕೆಲಸ ಸಿಕ್ಕಿತು. ಮದುವೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಅವಳ ಮದುವೆ ಶುರು. ಹಂಡೆ, ಕೊಳಗ, ಸೌಟುಗಳನ್ನೆಲ್ಲ ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಆಮೇಲೆ ಒಂದೊಂದನ್ನೂ ತಿರುಗಿಸಿ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು ನೋಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಾಜನೂರಿನಲ್ಲಿ ಯಾರೋ ಮೇಷ್ಟರು ಕಲಿಸಿದ ನಾಲ್ಕಕ್ಷರವೇ ಬಂಡವಾಳ. ಅದು ಗಟ್ಟಿಯಾದದ್ದು ಪಾತ್ರೆಯ ಮೇಲಿನ ಚುಕ್ಕೆಗಳಿಂದ. ಮಂಟಪದ್ದು ಮಂಟಪಕ್ಕೆ, ಹೆಣ್ಣಿನ ಕಡೆಯದು ಹೆಣ್ಣಿನ ಕಡೆಗೆ, ಅಡುಗೆಭಟ್ಟರದು ಭಟ್ಟರಿಗೆ. ಅವಳ ಕೈಯಲ್ಲಿ ಒಂದು ಚಮಚ ಅತ್ತಿಂದಿತ್ತ ಆದದ್ದಿಲ್ಲ.

ಇಂಥವಳು ಒಂದು ಡಬರಿಯ ವಿಷಯದಲ್ಲಿ ತಲೆ ಎತ್ತದ ಹಾಗಾಯಿತು.

ಚೌಡಯ್ಯ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನು ಹೋದ ಹೊತ್ತಿನಲ್ಲಿ, ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಬೀದಿಯವರೇ ಅನ್ನ ಸಾರು ತಂದಿಟ್ಟಿದ್ದರು. ತಿಥಿ ಮುಗಿಯಿತು. ಸೊಸೆ ಕವನ ಅಡುಗೆಮನೆ ಗುಡಿಸಿ ಸಾರಿಸಿ, ಮೂಲೆಯಲ್ಲಿ ಬಿದ್ದಿದ್ದ ಪಾತ್ರೆಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದಳು. ಅವಳ ಮದುವೆಗೆ ಉಡುಗೊರೆ ಬಂದ ಪಾತ್ರೆಗಳೂ ಅದೇ ಮೂಟೆಗೆ ಸೇರಿದವು. ಆಮೇಲೆ ಬೀದಿಯವರ ಬರುವಿಕೆ ಕಡಿಮೆಯಾಯಿತು. "ಗಂಡ ಹೋದ ಮೇಲೆ ನಮ್ಮ ಹೊಸಿಲು ಯಾರಿಗೆ ಬೇಕು" ಎಂಬ ಒಂದು ಮುಳ್ಳು ದ್ಯಾಮಮ್ಮನ ಎದೆಯಲ್ಲಿ ಉಳಿಯಿತು. ಎದುರು ಮನೆಯ ಈಶ್ವರಮ್ಮನ ಮೇಲಂತೂ ಹೆಚ್ಚು. ಅಕ್ಕ ತಂಗಿಯರ ಹಾಗೆ ಇದ್ದವರು. ಆ ಈಶ್ವರಮ್ಮನೂ ಬರುವುದು ಬಿಟ್ಟಳು. ಸ್ವಲ್ಪ ಕಾಲದಲ್ಲೇ ಗಂಡ ಹಾಲಸ್ವಾಮಿಯ ಜೊತೆ ಶಿವಮೊಗ್ಗದ ದುರ್ಗಿಗುಡಿಗೆ ಮನೆ ಬದಲಾಯಿಸಿದಳು.

ಅಷ್ಟರಲ್ಲಿ ಮಂಟಪದ ಕೆಲಸವೂ ಹೋಯಿತು. ಈಗ ಅಡುಗೆಯವರು ತಟ್ಟೆ ಲೋಟದಿಂದ ಹಿಡಿದು ತೊಳೆಯುವವರವರೆಗೆ ಎಲ್ಲವನ್ನೂ ಲಾರಿಯಲ್ಲೇ ತರುತ್ತಾರೆ. ದ್ಯಾಮಮ್ಮ ಮನೆಯ ನಾಲ್ಕು ತಟ್ಟೆಗಳನ್ನು ತೊಳೆದದ್ದನ್ನೇ ತೊಳೆಯುತ್ತ ಕೂರುತ್ತಿದ್ದಳು. ಯಾರಾದರೂ ಕೇಳಿದರೆ, "ಯಾಕೆ ಇದ್ದೀನಿ ಅಂತ ನನಗೇ ಗೊತ್ತಿಲ್ಲ. ಉಸಿರು ಇದೆ, ಇದ್ದೀನಿ" ಎನ್ನುತ್ತಿದ್ದಳು. ಮಗ ಪರಮೇಶ್ ಆಟೋ ಓಡಿಸುವವನು, ಇಂಥ ಮಾತು ಕೇಳಿದರೆ ಆಟೋ ಹತ್ತಿ ಹೊರಟುಬಿಡುತ್ತಿದ್ದ. ಕವನಳೇ ಒಂದು ದಿನ ಅತ್ತೆಯನ್ನು ದೇವಸ್ಥಾನದ ಸಮುದಾಯ ಭವನಕ್ಕೆ ಕರೆದೊಯ್ದು, ಬೆಳಗಿನ ಯೋಗದ ತರಗತಿಗೆ ಕೂರಿಸಿ ಬಂದಳು.

ಪಾಠ ಹೇಳುವವಳು ದೀಪಶ್ರೀ ಎಂಬ ಚಿಕ್ಕ ವಯಸ್ಸಿನ ಟೀಚರು. ಕೈಕಾಲು ಆಡಿಸಿದ್ದಾದ ಮೇಲೆ ಅವಳದೊಂದು ಪದ್ಧತಿ ಇತ್ತು. ಎಲ್ಲರೂ ಕಣ್ಣು ಮುಚ್ಚಿ, ನಿನ್ನೆಯಿಂದ ಇವತ್ತಿನವರೆಗೆ ತಮಗೆ ಉಪಕಾರ ಮಾಡಿದ ಒಬ್ಬರನ್ನು ನೆನೆಯಬೇಕು. ಆಮೇಲೆ ಅದನ್ನು ಬಾಯಿಬಿಟ್ಟು ಹೇಳಬೇಕು.

ಮೊದಲ ದಿನ ದ್ಯಾಮಮ್ಮ, "ದೇವರು" ಎಂದಳು.

ಪಕ್ಕದಲ್ಲಿ ಕೂತಿದ್ದ ಜಗದಾಂಬಾ ಸುಮ್ಮನಿರುವ ಪೈಕಿಯಲ್ಲ. ಅದೇ ಬೀದಿಯವಳು, ಬಾಯಿ ದೊಡ್ಡದು. "ದೇವ್ರನ್ನ ಯಾಕೆ ಎಳೀತೀಯ ಮಾರಾಯ್ತಿ, ಅವನಿಗೆ ಎಲ್ಲರೂ ಹೇಳ್ತಾರೆ. ಯಾರಾದ್ರೂ ಮನುಷ್ಯರ ಹೆಸರು ಹೇಳು" ಎಂದಳು. ಎಲ್ಲರೂ ನಕ್ಕರು.

ದ್ಯಾಮಮ್ಮನಿಗೆ ಅದು ನಾಟಿತು. ಮಾರನೆಯ ದಿನದಿಂದ ಕಣ್ಣಿಟ್ಟು ನೋಡತೊಡಗಿದಳು. "ಬಸ್ಸಿನ ಕಂಡಕ್ಟರು ನಾನು ಕೂತ ಮೇಲೇ ಸೀಟಿ ಹೊಡೆದ. ನಿಂತಿರುವಾಗಲೇ ಹೊಡೆದಿದ್ದರೆ ಬೀಳ್ತಿದ್ದೆ." "ಸೊಪ್ಪಿನವಳು ಕಟ್ಟು ಬಿಚ್ಚಿ, ಬಾಡಿದ ಎಲೆ ತಾನೇ ತೆಗೆದು ಕೊಟ್ಟಳು." ಅವಳು ನೆನೆಯುವುದರಲ್ಲೂ ಪಾತ್ರೆ ತೊಳೆಯುವ ಅಚ್ಚುಕಟ್ಟಿತ್ತು. ಕೇಳಿದವರಿಗೆ ಕಣ್ಣಿಗೆ ಕಟ್ಟುತ್ತಿತ್ತು. ದೀಪಶ್ರೀ, "ನೋಡಿ, ದ್ಯಾಮಮ್ಮನವರ ಹಾಗೆ ಹೇಳಬೇಕು" ಎನ್ನುತ್ತಿದ್ದಳು. ಹೊಗಳಿಕೆ ಎಂಬುದು ದ್ಯಾಮಮ್ಮನಿಗೆ ಹೊಸ ರುಚಿ. ಬರಬರುತ್ತ ಅವಳು ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಏನು ಹೇಳಲಿ, ಹೇಗೆ ಹೇಳಲಿ ಎಂದು ಮಾತು ಜೋಡಿಸಲು ಶುರುಮಾಡಿದಳು. ಮುಖಕ್ಕೆ ಒಂದು ಕಳೆ ಬಂತು. ನಡಿಗೆಗೆ ಚುರುಕು ಬಂತು. ಅವಳ ಮಾತಿನಲ್ಲಿ ಕಂಡಕ್ಟರು ಬಂದ, ಸೊಪ್ಪಿನವಳು ಬಂದಳು. ಬೀದಿಯವರ ಹೆಸರು ಮಾತ್ರ ಅವಳ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ಹೀಗಿರುವಾಗ ಈಶ್ವರಮ್ಮನ ಮನೆಯಿಂದ ಗೃಹಪ್ರವೇಶದ ಕರೆಯೋಲೆ ಬಂತು. ದುರ್ಗಿಗುಡಿಯಲ್ಲಿ ಬಾಡಿಗೆಗಿದ್ದ ಹಳೆಯ ಮನೆಯನ್ನೇ ಕೊಂಡು ರಿಪೇರಿ ಮಾಡಿಸಿದ್ದರಂತೆ. ಜನ್ನಾಪುರದ ಬೀದಿಯವರಿಗೆಲ್ಲ ಕರೆ. ದ್ಯಾಮಮ್ಮ ಮೊದಲು ಹೋಗುವುದಿಲ್ಲ ಎಂದಳು. ತರಗತಿಯಲ್ಲಿ ದೀಪಶ್ರೀ, "ಮನಸ್ಸಿಗೆ ಬೇಸರ ಇರೋರ ಹತ್ರಾನೇ ಹೋಗಿ ಉಪಕಾರ ನೆನೆದು ನೋಡಿ ಅಜ್ಜಿ, ಎಷ್ಟು ಹಗುರ ಆಗುತ್ತೆ ಅಂತ" ಎಂದಾಗ ಮನಸ್ಸು ತಿರುಗಿತು. ತಾನು ದೊಡ್ಡವಳಾಗಬೇಕು, ಕ್ಷಮಿಸಬೇಕು, ನಾಲ್ಕು ಜನರ ಎದುರು ಒಳ್ಳೆಯ ಮಾತಾಡಬೇಕು ಎಂದುಕೊಂಡಳು.

ಉಡುಗೊರೆಗೆ ಏನು ಕೊಡುವುದು? ಕವನ, "ಹೊಸದು ಯಾಕೆ ಅತ್ತೆ, ಅಟ್ಟದ ಮೇಲೆ ಅಷ್ಟೊಂದು ಪಾತ್ರೆ ಸುಮ್ನೆ ಬಿದ್ದಿದೆ. ನನ್ನ ಮದುವೇಲಿ ಬಂದಿದ್ದು" ಎಂದು ಮೂಟೆ ಇಳಿಸಿ, ಕೈಗೆ ಸಿಕ್ಕ ಒಂದು ದೊಡ್ಡ ಸ್ಟೀಲ್ ಡಬರಿಯನ್ನು ಮುಚ್ಚಳದ ಸಮೇತ ತೆಗೆದುಕೊಟ್ಟಳು. ದ್ಯಾಮಮ್ಮ ಹಿತ್ತಿಲಿನಲ್ಲಿ ಕೂತು ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಮುಖ ಕಾಣುವ ಹಾಗೆ ಬೆಳಗಿದಳು. ಕೈ ತಿಕ್ಕುತ್ತಿತ್ತು, ಬಾಯಿ ಮಾತು ಕಟ್ಟುತ್ತಿತ್ತು. "ಈಶ್ವರಮ್ಮಕ್ಕಾ, ನೀವು ಮರೆತರೂ ನಾನು ಮರೆತಿಲ್ಲ..." ಅಲ್ಲ, ಅದು ಚುಚ್ಚಿದ ಹಾಗಾಗುತ್ತೆ. "ಈಶ್ವರಮ್ಮಕ್ಕಾ, ನಿಮ್ಮ ಉಪಕಾರ ಈ ಜೀವ ಇರೋ ತನಕ ಮರೆಯೋದಿಲ್ಲ." ಹಾಂ, ಇದು ಸರಿ.

ಮಂಟಪದಲ್ಲಿ ಒಂದು ಚಮಚವನ್ನೂ ತಿರುಗಿಸಿ ನೋಡದೆ ಬಿಡದವಳು, ಆ ದಿನ ಡಬರಿಯನ್ನು ತಿರುಗಿಸಿ ನೋಡಲಿಲ್ಲ. ಕಂಠದ ಕೆಳಗಿನ ಸಣ್ಣ ಸಣ್ಣ ಚುಕ್ಕೆಗಳ ಮೇಲೆ ಅವಳದೇ ಬೆರಳು ಎಷ್ಟು ಸಲ ಓಡಾಡಿತೋ. ಕವನ ಅದಕ್ಕೆ ಬಣ್ಣದ ಕಾಗದ ಸುತ್ತಿದಳು.

ಗೃಹಪ್ರವೇಶದ ದಿನ ಬೀದಿಯವರೆಲ್ಲ ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿಳಿದರು. ಈಶ್ವರಮ್ಮ ಬಾಗಿಲಲ್ಲೇ ನಿಂತಿದ್ದಳು, ತಲೆ ಪೂರ್ತಿ ನೆರೆತಿತ್ತು. ದ್ಯಾಮಮ್ಮನನ್ನು ಕಂಡು ಒಂದು ಗಳಿಗೆ ಏನೂ ತೋಚದವಳ ಹಾಗೆ ನಿಂತು, ಆಮೇಲೆ ಎರಡೂ ಕೈ ಹಿಡಿದುಕೊಂಡಳು. ದ್ಯಾಮಮ್ಮ ಕಟ್ಟಿಕೊಂಡು ಬಂದ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿ ಉಡುಗೊರೆ ಕೊಟ್ಟಳು. ಜಗದಾಂಬಾ, "ಆಹಾ, ಯೋಗದ ಕ್ಲಾಸಿಗೆ ಹೋಗಿ ಭಾಷಣ ಕಲಿತಳು ನೋಡ್ರಪ್ಪ" ಎಂದಳು. ದ್ಯಾಮಮ್ಮನಿಗೆ ಅದೂ ಹೊಗಳಿಕೆಯ ಹಾಗೇ ಕೇಳಿಸಿತು.

ಊಟದ ಪಂಕ್ತಿ ಕೂತಿತು. ಎಣಿಸಿದ್ದಕ್ಕಿಂತ ಜನ ಜಾಸ್ತಿ. ಪಾಯಸ ಬಡಿಸಲು ಪಾತ್ರೆ ಸಾಲಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಿದ್ದ ಜಗದಾಂಬಾ ಉಡುಗೊರೆಯ ರಾಶಿಗೆ ಕೈಹಾಕಿ, "ಇದರಲ್ಲಿ ಯಾವುದಾದ್ರೂ ಬಿಚ್ತೀನಿ ಈಶ್ವರಮ್ಮಕ್ಕ" ಎಂದು ದ್ಯಾಮಮ್ಮನ ಪೊಟ್ಟಣವನ್ನೇ ಬಿಚ್ಚಿದಳು. ತೊಳೆದು, ಪಾಯಸ ತುಂಬಿಸಿ, ಸೌಟು ಹಾಕಿಕೊಂಡು ಪಂಕ್ತಿಯ ನಡುವೆ ಬಂದವಳು ಡಬರಿಯ ಕಂಠ ನೋಡಿ ನಿಂತಳು.

"ಈ. ಹಾ. ಅಂತ ಇದೆಯಲ್ಲ! ಈಶ್ವರಮ್ಮ ಹಾಲಸ್ವಾಮಿ! ಇದು ನಿಮ್ಮದೇ ಡಬರಿ ಅಲ್ವೇನ್ರೀ ಅಕ್ಕ?"

ಪಂಕ್ತಿಯಲ್ಲಿದ್ದವರೆಲ್ಲ ಕತ್ತೆತ್ತಿದರು. ದ್ಯಾಮಮ್ಮನ ಕೈ ಎಲೆಯ ಮೇಲೆಯೇ ನಿಂತಿತು. ಆ ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲ ಕಂಡಿತು. ಚೌಡಯ್ಯನನ್ನು ಎತ್ತಿಕೊಂಡು ಹೋದ ಸಂಜೆ, ಬಾಗಿಲು ದಾಟಿ ಬಂದ ಈಶ್ವರಮ್ಮ, ಸೆರಗಿನಿಂದ ಹಿಡಿದ ಬಿಸಿ ಡಬರಿ, ಬೇಳೆಸಾರಿನ ಹಬೆ. "ಎರಡು ಗುಟುಕು ಕುಡಿ ದ್ಯಾಮಮ್ಮ" ಎಂದು ಲೋಟ ಬಾಯಿಗೆ ಹಿಡಿದದ್ದು. ಇದು ಆ ಡಬರಿ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಈಶ್ವರಮ್ಮ ರೆಪ್ಪೆ ಬಡಿಯಲಿಲ್ಲ. "ಹೂಂ ಕಣೇ, ನನ್ನದೇ. ನನ್ನ ಹೆಸರು ಹಾಕ್ಸಿ ತಂದಿದ್ದಾಳೆ ದ್ಯಾಮಮ್ಮ. ಕೊಡೋರು ತಮ್ಮ ಹೆಸರು ಹಾಕಿಸ್ತಾರೆ, ಇವಳು ನನ್ನದು ಹಾಕಿಸಿದ್ದಾಳೆ. ನೀನು ಬಡಿಸು, ಪಾಯಸ ಆರುತ್ತೆ" ಎಂದಳು.

"ಅಬ್ಬಾ, ಎಂಥ ಬುದ್ಧಿ!" ಎಂದರು ಯಾರೋ. "ಹಾಗೆ ಕೊಡಬೇಕು ಉಡುಗೊರೆ" ಎಂದರು ಇನ್ನೊಬ್ಬರು. ದ್ಯಾಮಮ್ಮನ ಎಲೆಗೆ ಪಾಯಸ ಬಿತ್ತು. ಅವಳು ಅದನ್ನು ಉಣ್ಣಲಾರದೆ, ಬಿಡಲಾರದೆ, ಎಲ್ಲರೂ ಏಳುವವರೆಗೆ ಬೆರಳಾಡಿಸುತ್ತ ಕೂತಳು. ಹೊರಡುವಾಗ ಈಶ್ವರಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಮಾನವಾಗಿದ್ದರೆ ಅತ್ತು ಮುಗಿಸಬಹುದಿತ್ತು. ಆದದ್ದು ಸನ್ಮಾನ. ಮಾರನೆಯ ಬೆಳಿಗ್ಗೆ ಜಗದಾಂಬಾ ತರಗತಿಯಲ್ಲಿ ಡಬರಿಯ ಸುದ್ದಿಯನ್ನು ಉಪ್ಪು ಖಾರ ಹಚ್ಚಿ ಹೇಳಿದಳು. ದೀಪಶ್ರೀ ಚಪ್ಪಾಳೆ ತಟ್ಟಿಸಿದಳು. "ಉಪಕಾರ ನೆನೆಯೋದು ಅಂದ್ರೆ ಇದು" ಎಂದಳು. ಆ ಚಪ್ಪಾಳೆ ಒಂದೊಂದೂ ಕೆನ್ನೆಗೆ ಬಿದ್ದ ಹಾಗಾಯಿತು. ದ್ಯಾಮಮ್ಮ ಹೊಟ್ಟೆನೋವೆಂದು ಎದ್ದು ಬಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಕೂತರೂ ಸಮಾಧಾನವಿಲ್ಲ. ಹಾಗಾದರೆ ಆ ಮೂಟೆಯಲ್ಲಿ ಇನ್ನೂ ಯಾರ್ಯಾರದ್ದಿದೆ? ಕವನಳಿಂದ ಮೂಟೆ ಇಳಿಸಿಸಿ ಹಿತ್ತಿಲಿನಲ್ಲಿ ಹರಡಿಕೊಂಡಳು. ಮಗನ ಮದುವೆಯವನ್ನು ಒಂದು ಕಡೆ ಇಟ್ಟಳು. ಉಳಿದವನ್ನು ಒಂದೊಂದಾಗಿ ಎತ್ತಿ, ಬಿಸಿಲಿಗೆ ಓರೆ ಹಿಡಿದು, ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಅಕ್ಷರ ಕೂಡಿಸಿದಳು. ಒಂದು ಚೆಂಬಿನ ಮೇಲೆ "ಜ" ಇತ್ತು. ಒಂದು ಪಾತ್ರೆಯ ಮೇಲೆ "ಕೆಂ". ಇನ್ನೊಂದರ ಮೇಲೆ ಅಕ್ಷರ ಬಾರದ ಯಾರದೋ ಮೂರು ಗೀಟು. ತಿಥಿಯ ಮೇಲೆ ಯಾರೂ ಬರಲಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದಳಲ್ಲ, ಬಂದವರೆಲ್ಲ ಅವಳ ಅಟ್ಟದ ಮೇಲೆಯೇ ಇದ್ದರು.

"ನಾನೇ ಅಲ್ವಾ ಅತ್ತೆ ಮೂಟೆ ಕಟ್ಟಿದ್ದು. ನನ್ನ ತಪ್ಪು" ಎಂದಳು ಕವನ.

"ನೀನು ಆಗ ಹೊಸಬಳು, ನಿನಗೆ ಯಾರದು ಯಾವುದು ಅಂತ ಏನು ಗೊತ್ತು. ಊರ ಪಾತ್ರೆ ನೋಡಿದವಳು ನಾನು. ನನ್ನ ಮನೆದು ನೋಡಲಿಲ್ಲ" ಎಂದಳು ದ್ಯಾಮಮ್ಮ.

ಕೊನೆಗೆ ಒಂದು ಮಧ್ಯಾಹ್ನ ಒಬ್ಬಳೇ ಬಸ್ಸು ಹತ್ತಿ ದುರ್ಗಿಗುಡಿಗೆ ಹೋದಳು. ಈಶ್ವರಮ್ಮ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ಡಬರಿ ಪಕ್ಕದಲ್ಲೇ ಇತ್ತು, ಅದರ ತುಂಬ ಸೊಪ್ಪು. ಅದನ್ನು ಕಂಡು ದ್ಯಾಮಮ್ಮ ಮೆಟ್ಟಿಲಲ್ಲೇ ಕುಸಿದು ಕೂತಳು.

"ಈಶ್ವರಮ್ಮಕ್ಕ, ಆವತ್ತು ಯಾಕೆ ಹಾಗೆ ಸುಳ್ಳು ಹೇಳಿದ್ರಿ? ಕಳ್ಳಿ ಅಂತ ಬೈದಿದ್ರೆ ಚೆನ್ನಾಗಿತ್ತು."

"ಕಳ್ಳಿ ಅಂತೆ! ಕೂತ್ಕೋ ಮೇಲೆ. ನೀನು ಕೈಗೆ ಕೊಟ್ಟಾಗಲೇ ಗೊತ್ತಾಯ್ತು ನನಗೆ. ಕಾಗದದ ಮೇಲೆ ಮುಟ್ಟಿದ್ರೂ ಅದರ ಕಂಠ ನನ್ನ ಕೈಗೆ ಗೊತ್ತು. ನಮ್ಮವ್ವ ಕೊಡಿಸಿದ್ದು."

"ಅವ್ವ ಕೊಡಿಸಿದ್ದಾ!" ದ್ಯಾಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಒಂದು ಮಾತು ಕೇಳಬಾರದಿತ್ತಾ ಅಕ್ಕ? ಎದುರು ಮನೇಲೇ ಇದ್ರಲ್ಲ."

ಈಶ್ವರಮ್ಮ ಸೊಪ್ಪು ಕೆಳಗಿಟ್ಟಳು. "ಸಾವಿನ ಮನೆಗೆ ಹೋಗಿ ನನ್ನ ಪಾತ್ರೆ ಕೊಡು ಅಂತ ಯಾರಾದ್ರೂ ಕೇಳ್ತಾರೇನೇ? ಆಮೇಲೆ ನಿನ್ನನ್ನ ಮಾತಾಡ್ಸೋಕೆ ಅಂತ ಎಷ್ಟು ಸಲ ಹೊರಟಿದ್ದೀನೋ. ಹೊಸಿಲು ದಾಟುವಾಗ ಅನ್ನಿಸ್ತಿತ್ತು, ಈಗ ಹೋದ್ರೆ ಡಬರಿ ಕೇಳೋಕೆ ಬಂದ್ಲು ಅಂತ ಅಂದ್ಕೋತಾಳೆ ಅಂತ. ವಾಪಸ್ ಬಂದು ಕೂತ್ಕೋತಿದ್ದೆ. ಕೊನೆಗೆ ಮನೆ ಬಿಡುವಾಗಲೂ ಹೇಳದೆ ಬಂದೆ. ತಪ್ಪು ನಂದೂ ಇದೆ ಮಾರಾಯ್ತಿ."

ದ್ಯಾಮಮ್ಮ ಡಬರಿಯ ಕಡೆ ನೋಡಿದಳು. ಬರಲಿಲ್ಲ ಎಂದು ಇಷ್ಟು ವರ್ಷ ಹಲ್ಲು ಕಡಿದದ್ದು ಇವಳ ಮೇಲೆಯೇ. ಮೊನ್ನೆ ಕ್ಷಮಿಸುತ್ತೇನೆಂದು ಎದೆಯುಬ್ಬಿಸಿಕೊಂಡು ಬಂದದ್ದೂ ಇವಳನ್ನೇ. ಬಾಗಿಲು ಹಾಕಿಕೊಂಡದ್ದು ಯಾರು? ತಾನೇ. ಅಗುಳಿಗೆ ಬದಲು ಡಬರಿ ಇಟ್ಟಿದ್ದಳು, ಅಷ್ಟೇ. ಇನ್ನೆಷ್ಟು ಮನೆಯವರು ಹೀಗೆ ಹೊಸಿಲವರೆಗೆ ಬಂದು ತಿರುಗಿದರೋ!

"ಉಳಿದವರ ಪಾತ್ರೆಗಳು ಇನ್ನೂ ನಮ್ಮನೇಲೇ ಇವೆ ಅಕ್ಕ. ಹೇಗೆ ಕೊಡಲಿ?" ಎಂದು ಕೇಳಿದಳು. "ಪಾತ್ರೆ ಬರಿದು ಕೊಡಬಾರದು ಅಂತಾರೆ. ಸಾವಿನ ಮನೆಗೆ ಬಂದ ಪಾತ್ರೆಗೆ ಏನಾದ್ರೂ ತುಂಬಿದ್ರೆ, ಮತ್ತೆ ಸಾವು ಬರಲಿ ಅಂದಂಗೆ ಆಗುತ್ತೆ ಅಂತಾನೂ ಅಂತಾರೆ."

ಈಶ್ವರಮ್ಮ ಡಬರಿಯಿಂದ ಒಂದೆಳೆ ಸೊಪ್ಪು ಎತ್ತಿ ತೋರಿಸಿದಳು. "ಹಸಿರು ಹಾಕು. ಹಸಿರಿಗೆ ಸೂತಕ ಇಲ್ಲ. ನಿಮ್ಮ ಹಿತ್ತಿಲಿನ ಕರಿಬೇವು ಇದೆಯೋ ಒಣಗಿಸಿಬಿಟ್ಟೆಯೋ?"

"ಇದೆ. ಅವರು ನೆಟ್ಟಿದ್ದು."

"ಮತ್ತೆ ಇನ್ನೇನು."

ದ್ಯಾಮಮ್ಮ ಮನೆಮನೆಗೆ ಹೋದಳು. ಒಂದು ದಿನಕ್ಕೆ ಒಂದೇ ಮನೆ. ಪಾತ್ರೆ ಬೆಳಗಿ, ಒಳಗೆ ಒಂದು ಕರಿಬೇವಿನ ಕಡ್ಡಿ ಇಟ್ಟು, ಬಾಗಿಲಲ್ಲಿ ನಿಂತು, "ಇದು ನಿಮ್ಮದು. ತಡ ಆಯ್ತು" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಕೆಲವರು ಒಳಗೆ ಕರೆದು ಕಾಫಿ ಕೊಟ್ಟರು. ಒಬ್ಬಳು ಪಾತ್ರೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಅದೂ ಸರಿಯೇ ಅನ್ನಿಸಿತು. ಮೂರು ಗೀಟಿನ ಪಾತ್ರೆಯ ಮನೆಯನ್ನು ಕೇಳಿ ಕೇಳಿ ಹುಡುಕಿದಳು, ಮನೆಯಾಕೆ ತೀರಿಹೋಗಿದ್ದಳು. ಅವಳ ಮಗಳು ಗೀಟಿನ ಮೇಲೆ ಬೆರಳಾಡಿಸಿ ಅತ್ತಳು. ದ್ಯಾಮಮ್ಮನಿಗೆ ಕಾಫಿ ಕುಡಿದ ಮನೆಗಳಿಗಿಂತ ಆ ಮನೆಯಿಂದ ಹೊರಬರುವುದೇ ಕಷ್ಟವಾಯಿತು. ಕೊಡಬೇಕಾದವರಿಗೆ ಕೊಡುವ ಕಾಲ ಅಲ್ಲಿ ಮುಗಿದಿತ್ತು.

ಜಗದಾಂಬಾಳ ಚೆಂಬನ್ನು ಮಾತ್ರ ಉಳಿಸಿಕೊಂಡಿದ್ದಳು. ಒಂದು ಬೆಳಿಗ್ಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ತರಗತಿಗೆ ಹೋದಳು. ಅವಳ ಸರದಿ ಬಂದಾಗ ದೀಪಶ್ರೀ, "ಹೇಳಿ ಅಜ್ಜಿ, ನಿಮ್ಮ ಮಾತು ಕೇಳಿ ಎಷ್ಟು ದಿನ ಆಯ್ತು" ಎಂದಳು.

"ನೀವು ಆವತ್ತು ಚಪ್ಪಾಳೆ ತಟ್ಟಿದ್ದು ಸುಳ್ಳಿಗೆ" ಎಂದಳು ದ್ಯಾಮಮ್ಮ. ತಲೆ ತಗ್ಗಿಸಿ ಚಾಪೆಯ ಅಂಚು ನೋಡುತ್ತ ಹೇಳಿದಳು. "ಆ ಡಬರಿ ಈಶ್ವರಮ್ಮಕ್ಕಂದೇ. ನಮ್ಮನೆಯವರು ಹೋದಾಗ ಸಾರು ತಂದಿದ್ದು. ನಾನು ವಾಪಸ್ ಕೊಡಲಿಲ್ಲ. ಮರೆತು ಅವರಿಗೇ ಉಡುಗೊರೆ ಕೊಟ್ಟೆ. ನನ್ನ ಮಾನ ಉಳಿಸೋಕೆ ಅವರು ಹಾಗಂದ್ರು."

ಮೊದಲು ಬಾಯಿಬಿಟ್ಟವಳು ಜಗದಾಂಬಾ.

"ಅಯ್ಯೋ ನಿನ್ನ! ಹಂಗಾದ್ರೆ ನನ್ನ ಮಜ್ಜಿಗೆ ಚೆಂಬು? ಅದು ನಿನ್ನ ಹತ್ರಾನೇ ಇತ್ತಾ? ನಾನು ನಮ್ಮ ನಾದಿನಿ ಮೇಲೆ ಹಾಕಿದ್ದೆನಲ್ಲೇ! ಆ ಚೆಂಬಿನ ಹೆಸರಲ್ಲಿ ಅವಳ ಜೊತೆ ಮಾತು ಬಿಟ್ಟಿದ್ದೀನಿ ಮಾರಾಯ್ತಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದ್ಯಾಮಮ್ಮ ಚೀಲದಿಂದ ಚೆಂಬು ತೆಗೆದು ಅವಳ ಮುಂದಿಟ್ಟಳು. ಒಳಗೆ ಕರಿಬೇವಿತ್ತು. ಜಗದಾಂಬಾ ಚೆಂಬನ್ನು ಮಡಿಲಿಗೆ ಎಳೆದುಕೊಂಡು, "ಈಗ ನಾನು ಯಾವ ಮುಖ ಇಟ್ಕೊಂಡು ನಾದಿನಿ ಹತ್ರ ಹೋಗ್ಲಿ" ಎಂದಳು. ಅವಳ ನಗು ಅರ್ಧಕ್ಕೇ ನಿಂತಿತ್ತು.

"ನನ್ನ ಮುಖ ಇದೆಯಲ್ಲ, ಇದನ್ನೇ ಕರ್ಕೊಂಡು ಹೋಗು. ನಾನೇ ಹೇಳ್ತೀನಿ" ಎಂದಳು ದ್ಯಾಮಮ್ಮ.

ಆ ಮಳೆಗಾಲಕ್ಕೆ ಮುಂಚೆ ಬೀದಿಯ ಕೆಂಚಪ್ಪ ತೀರಿಕೊಂಡ. ಮನೆಮನೆಯಿಂದ ಅನ್ನ ಸಾರು ಬಂತು. ದ್ಯಾಮಮ್ಮನೂ ಒಂದು ಪಾತ್ರೆ ಮುದ್ದೆ ಸಾರು ಕೊಟ್ಟು ಬಂದಳು. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಮತ್ತೆ ಹೋದಳು. ಕೆಂಚಪ್ಪನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಊರಿನ ಪಾತ್ರೆಗಳು ತೊಳೆಯದೆ ಬಿದ್ದಿದ್ದವು. ಕೇಳುವುದಕ್ಕೆ ಕೊಟ್ಟವರಿಗೆ ಬಾಯಿಲ್ಲ, ಕೊಡುವುದಕ್ಕೆ ಇವಳಿಗೆ ಎಚ್ಚರವಿಲ್ಲ. ಆ ಮೂಲೆ ದ್ಯಾಮಮ್ಮನಿಗೆ ಬಹಳ ಚೆನ್ನಾಗಿ ಗೊತ್ತಿತ್ತು.

ಸಮಾಧಾನದ ಮಾತು ಅವಳು ಆಡಲಿಲ್ಲ. ಸೆರಗು ಸಿಕ್ಕಿಸಿಕೊಂಡಳು.

"ಸ್ವಲ್ಪ ಹುಣಿಸೆಹಣ್ಣು ಎಲ್ಲಿದೆ ಹೇಳವ್ವ" ಎಂದಳು. ಪಾತ್ರೆಗಳನ್ನು ಹಿತ್ತಿಲಿಗೆ ಹೊತ್ತು, ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದಳು. ನೀರು ಆರಿದ ಮೇಲೆ ಒಂದೊಂದನ್ನೂ ಎತ್ತಿ ತಿರುಗಿಸಿ, ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು, ಯಾರದೆಂದು ನಿಧಾನವಾಗಿ ಓದತೊಡಗಿದಳು.